ಪಿಡಿಎಫ್ ಚಿತ್ರ ಕಂಡ ಕೂಡಲೇ ಒತ್ತಬೇಡಿ

ಜನವರಿ 31ರ ಒಳಗೆ ನಿಮ್ಮ ಕಂಪನಿ ಹಿಂದಿನ ವರ್ಷದ ಡಬ್ಲ್ಯು-2 ಫಾರ್ಮ್ ಕೊಡಬೇಕು. ಆ ವಾರ ನಮ್ಮವರೆಲ್ಲ ದಿನಕ್ಕೆ ಹತ್ತು ಸಲ ಇಮೇಲ್ ತೆಗೆದು ನೋಡ್ತಿರ್ತಾರೆ. ನಾನು ಲೆಕ್ಕಪತ್ರದ ಕೆಲಸದವನು. ಫ್ರೀಮಾಂಟ್, ಸನ್ನಿವೇಲ್ ಕಡೆಯಿಂದ ಆಗ ನನಗೆ ಬರೋ ಫೋನುಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತೆ: "ಸರ್, ಪಿಡಿಎಫ್ ಚಿತ್ರ ಕಾಣ್ತಿದೆ, ಒತ್ತಿದ್ರೆ ಇಮೇಲ್ ಪಾಸ್‌ವರ್ಡ್ ಕೇಳ್ತಿದೆ, ಕೊಡ್ಲಾ?"

ಕೊಡಬೇಡಿ. ನಿಜವಾದ ಅಟ್ಯಾಚ್‌ಮೆಂಟ್ ಆಗಿದ್ದರೆ ಆ ಫೈಲ್ ಆಗಲೇ ನಿಮ್ಮ ಇಮೇಲ್ ಜೊತೆ ಬಂದಿರುತ್ತೆ. ನೀವು ಲಾಗಿನ್ ಆಗಿಯೇ ಅದನ್ನು ನೋಡ್ತಿದ್ದೀರಿ. ಮತ್ತೆ ಅದೇ ಪಾಸ್‌ವರ್ಡ್ ಯಾಕೆ ಬೇಕು? ಊರಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯುವಾಗ ಹುಟ್ಟಿದ ತಾರೀಕು ಕೇಳುತ್ತಲ್ಲ, ಅದು ಬೇರೆ. ಅದು ಆ ಫೈಲಿನ ಬೀಗ, ನಿಮ್ಮ ಇಮೇಲಿನದ್ದಲ್ಲ.

2017ರ ಜನವರಿಯಲ್ಲಿ ಜಿಮೇಲ್ ಬಳಸೋ ಎಷ್ಟೋ ಜನ ಹೀಗೇ ಮೋಸಹೋದರು. ಪತ್ರ ಪರಿಚಯದವರ ಖಾತೆಯಿಂದಲೇ ಬರ್ತಿತ್ತು, ಯಾಕಂದ್ರೆ ಆ ಖಾತೆ ಆಗಲೇ ಕಳ್ಳರ ಕೈಗೆ ಹೋಗಿತ್ತು. ಒಳಗೆ ಅಟ್ಯಾಚ್‌ಮೆಂಟ್ ಥರ ಕಾಣುವ ಒಂದು ಚಿತ್ರ. ಅದು ಬರೀ ಚಿತ್ರ, ಹಿಂದೆ ಲಿಂಕ್. ಒತ್ತಿದರೆ ಗೂಗಲ್ ಲಾಗಿನ್ ಪುಟದ ನಕಲು ತೆರೆದುಕೊಳ್ತಿತ್ತು. ವಿಳಾಸದ ಸಾಲಿನಲ್ಲಿ ಗೂಗಲ್ ಹೆಸರೂ ಇತ್ತು, ಆದರೆ ಸಾಲು ಶುರುವಾಗ್ತಿದ್ದದ್ದು 'ಡೇಟಾ' ಅನ್ನೋ ಪದದಿಂದ. ಅಷ್ಟನ್ನು ಯಾರು ನೋಡ್ತಾರೆ ಹೇಳಿ?

ಈಗ ಪತ್ತೆ ಹಚ್ಚೋದು ಹೇಗೆ ಅಂದ್ರೆ: ಕಂಪ್ಯೂಟರಿನ ಜಿಮೇಲ್‌ನಲ್ಲಿ ನಿಜವಾದ ಅಟ್ಯಾಚ್‌ಮೆಂಟ್ ಪತ್ರದ ಕೊನೆಯಲ್ಲಿ ಬೇರೆಯಾಗಿ ಕೂತಿರುತ್ತೆ. ಮೌಸ್ ಅದರ ಮೇಲೆ ತಂದರೆ ಡೌನ್‌ಲೋಡ್ ಗುರುತು ಮೂಡುತ್ತೆ. ನಕಲಿ ಚಿತ್ರದ ಮೇಲೆ ಮೌಸ್ ತಂದರೆ ಪರದೆಯ ಕೆಳಗಡೆ ಎಡಮೂಲೆಯಲ್ಲಿ ಯಾವುದೋ ವೆಬ್ ವಿಳಾಸ ಕಾಣುತ್ತೆ. ಫೋನಿನಲ್ಲಾದರೆ ಬೆರಳು ಒತ್ತಿ ಹಿಡಿಯಿರಿ, ಲಿಂಕ್ ಇದ್ದರೆ ಹೊರಬೀಳುತ್ತೆ. ಅನುಮಾನ ಬಂದರೆ ಆ ಪತ್ರ ಬಿಟ್ಟು, ಪೇರೋಲ್ ಸೈಟಿನ ವಿಳಾಸ ನೀವೇ ಟೈಪ್ ಮಾಡಿ ಒಳಗೆ ಹೋಗಿ. ಡಬ್ಲ್ಯು-2 ಅಲ್ಲೇ ಸಿಗುತ್ತೆ.

ಇನ್ನೊಂದು ಮೋಸ ಹೆಸರಿನ ಬಾಲದಲ್ಲಿ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ಸುತ್ತಿದ 'ಐ ಲವ್ ಯೂ' ವೈರಸ್ಸಿನ ಫೈಲ್ ಹೆಸರು '.ಟಿಎಕ್ಸ್‌ಟಿ.ವಿಬಿಎಸ್' ಅಂತ ಮುಗೀತಿತ್ತು. ವಿಂಡೋಸ್ ಕೊನೆಯ ತುಂಡನ್ನು ಅಡಗಿಸಿದ್ದರಿಂದ ಜನರಿಗೆ ಸಾದಾ ಓಲೆ ಥರ ಕಂಡಿತು. ಆ ಅಡಗಿಸೋ ಚಾಳಿ ವಿಂಡೋಸ್‌ಗೆ ಇವತ್ತಿಗೂ ಬಿಟ್ಟಿಲ್ಲ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿ. ಪೂರ್ತಿ ಹೆಸರು ಕಾಣುತ್ತೆ. ಕೊನೆಯಲ್ಲಿ '.ಇಎಕ್ಸ್‌ಇ' ಅಥವಾ '.ಎಚ್‌ಟಿಎಂಎಲ್' ಇದ್ದರೆ, ಮುಂದೆ ಪಿಡಿಎಫ್ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ಡಬ್ಲ್ಯು-2 ಅಲ್ಲ.

ಕ್ಲಿಪ್ ಗುರುತಿದ್ದ ಮಾತ್ರಕ್ಕೆ ಹೆದರಬೇಕಾಗಿಯೂ ಇಲ್ಲ. ಕ್ಲಿಪ್ ಕಾಣ್ತಿದೆ, ಫೈಲ್ ಇಲ್ಲ ಅಂದರೆ ಬಹುಮಟ್ಟಿಗೆ ಕಳಿಸಿದವರ ಸಹಿಯ ಕೆಳಗಿರೋ ಕಂಪನಿ ಲೋಗೋನೇ ಲೆಕ್ಕಕ್ಕೆ ಬಂದಿರುತ್ತೆ. 'ವಿನ್‌ಮೇಲ್.ಡ್ಯಾಟ್' ಅನ್ನೋ ತೆರೆಯದ ಫೈಲ್ ಬಂದರೆ ಅದು ಸಾಮಾನ್ಯವಾಗಿ ಔಟ್‌ಲುಕ್‌ನ ಎಡವಟ್ಟು. ಎಚ್‌ಟಿಎಂಎಲ್ ರೂಪದ ಪತ್ರವಾಗಿ ಮತ್ತೆ ಕಳಿಸಿ ಅಂತ ಕೇಳಿ.

ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ನಾಚಿಕೆ ಪಟ್ಟು ಕೂರಬೇಡಿ, ಆ ಕ್ಷಣವೇ ಬದಲಾಯಿಸಿ. ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ನಿಮ್ಮ ಪತ್ರಗಳ ಪ್ರತಿ ತಮಗೂ ಹೋಗೋ ಹಾಗೆ ಕಳ್ಳರು ಅಲ್ಲಿ ವ್ಯವಸ್ಥೆ ಮಾಡಿರಬಹುದು.

ಸೋಷಿಯಲ್ ಸೆಕ್ಯುರಿಟಿ ನಂಬರೂ ಹೋಗಿದ್ದರೆ ನಿಮ್ಮ ಹೆಸರಲ್ಲಿ ಬೇರೆಯವರು ರಿಟರ್ನ್ ಹಾಕಿ ರೀಫಂಡ್ ಹೊಡೀಬಹುದು. ಅದಕ್ಕೆ ಐಆರ್‌ಎಸ್ ಸೈಟಿನಲ್ಲಿ 6 ಅಂಕಿಯ ಐಪಿ ಪಿನ್ ತೆಗೆದುಕೊಳ್ಳಿ. ಆ ಪಿನ್ ಇಲ್ಲದೆ ನಿಮ್ಮ ನಂಬರಿನಲ್ಲಿ ಇ-ಫೈಲ್ ಮಾಡಿದ ರಿಟರ್ನ್ ತಿರಸ್ಕಾರವಾಗುತ್ತೆ. ಐಟಿಐಎನ್ ಇರುವವರಿಗೂ ಇದು ಸಿಗುತ್ತೆ. ಗಂಡ ಹೆಂಡತಿ ಬೇರೆ ಬೇರೆ ಪಿನ್ ತೆಗೆದುಕೊಳ್ಳಬೇಕು. ಪ್ರತಿ ವರ್ಷ ಹೊಸದು ಬರುತ್ತೆ, ಹಾಗಾಗಿ ಹೋದ ವರ್ಷದ್ದನ್ನು ನಿಮ್ಮ ಸಿಪಿಎಗೆ ಕಳಿಸಬೇಡಿ.