ಡೆಂಗ್ಯೂ ವರದಿಯಲ್ಲಿನ ‘ಎನ್‌ಎಸ್-1’ ಎಂದರೇನು?

ಮಳೆಗಾಲದ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ‘ಎನ್‌ಎಸ್-1’ ಎಂಬ ಅಕ್ಷರಗಳನ್ನು ಸದ್ಭಕ್ತರು ಕಂಡಿರಬಹುದು. ಅದು ‘ನೆಗೆಟಿವ್’ ಬಂದೊಡನೆ ಡೆಂಗ್ಯೂ ಇಲ್ಲವೆಂದು ನಿಶ್ಚಿಂತರಾಗುವವರು ಅನೇಕರು. ಈ ನಿಶ್ಚಿಂತೆ ಎಲ್ಲ ಸಂದರ್ಭಗಳಲ್ಲಿಯೂ ಸಲ್ಲದು. ಏಕೆಂಬುದನ್ನು ತಿಳಿಯಲು, ವೈರಾಣು ತನ್ನ ಪ್ರೋಟೀನುಗಳನ್ನು ಸಿದ್ಧಪಡಿಸಿಕೊಳ್ಳುವ ಬಗೆಯನ್ನು ಅರಿಯಬೇಕು.

ಡೆಂಗ್ಯೂ ವೈರಾಣುವಿಗೆ ಪ್ರೋಟೀನ್ ತಯಾರಿಸುವ ಸ್ವಂತ ಸಾಮರ್ಥ್ಯವಿಲ್ಲ. ಅದು ತರುವ ಆರ್‌ಎನ್‌ಎ ಎಳೆಯನ್ನು ನಮ್ಮ ಜೀವಕೋಶವೇ ಓದಿ, ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿಯನ್ನು ಹೆಣೆಯುತ್ತದೆ. ನೇಕಾರರು ಒಂದೇ ಹಾಸಿನ ಮೇಲೆ ಸಾಲಾಗಿ ಸೀರೆಗಳನ್ನು ನೇಯ್ದು ಕೊನೆಗೆ ಕತ್ತರಿಸುವಂತೆ, ಈ ಸರಪಳಿಯೂ ತುಂಡಾಗಿ 10 ಪ್ರೋಟೀನುಗಳಾಗುತ್ತದೆ. ಕೆಲವು ಕಡೆ ಕತ್ತರಿಸುವುದು ವೈರಾಣುವಿನದೇ ಕಿಣ್ವ. ಉಳಿದೆಡೆ ನಮ್ಮ ಜೀವಕೋಶದ ಕಿಣ್ವಗಳು. ಹತ್ತರಲ್ಲಿ ಮೂರು ವೈರಾಣುವಿನ ಶರೀರವನ್ನು ಕಟ್ಟುತ್ತವೆ. ಶರೀರದ ಭಾಗವಾಗದೆ, ವೈರಾಣುವಿನ ವೃದ್ಧಿಗೆ ನೆರವಾಗುವ ಉಳಿದ ಏಳಕ್ಕೆ ‘ಎನ್‌ಎಸ್’ ಎಂದು ಹೆಸರು. ಅವುಗಳಲ್ಲಿ ಮೊದಲನೆಯದೇ ಎನ್‌ಎಸ್-1.

ಕತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎನ್‌ಎಸ್-1ಕ್ಕೆ ಜೀವಕೋಶದೊಳಗೆ ಸಕ್ಕರೆಯ ಅಣುಗಳು ಜೋಡಣೆಯಾಗುತ್ತವೆ. ಅನಂತರ ಆರಾರು ಒಂದುಗೂಡಿ ರಕ್ತಕ್ಕೆ ಸೇರುತ್ತವೆ. ಆದುದರಿಂದಲೇ ಜ್ವರದ ಮೊದಲ ದಿನಗಳಲ್ಲಿಯೇ ಪರೀಕ್ಷೆಗೆ ಅದು ಸಿಕ್ಕುತ್ತದೆ. ದೇಹದಲ್ಲಿ ಪ್ರತಿಕಾಯಗಳು ಹೆಚ್ಚಿದಂತೆ ಅದು ಮರೆಯಾಗುತ್ತದೆ. ಹಿಂದೊಮ್ಮೆ ಡೆಂಗ್ಯೂ ಬಂದವರಲ್ಲಿ ಇನ್ನೂ ಬೇಗ. ಹೀಗಾಗಿ ಐದಾರು ದಿನಗಳ ತರುವಾಯ ಮಾಡಿಸಿದ ಎನ್‌ಎಸ್-1 ಪರೀಕ್ಷೆ ನೆಗೆಟಿವ್ ಆದರೂ ಡೆಂಗ್ಯೂ ಇರಬಹುದು. ಆಗ ‘ಐಜಿಎಂ’ ಪ್ರತಿಕಾಯದ ಪರೀಕ್ಷೆ ಅಗತ್ಯ.

ಹೊಸದಾಗಿ ರೂಪುಗೊಂಡ ವೈರಾಣುವಿನ ಮೇಲೆ ಮುಚ್ಚಳದಂತಹ ಒಂದು ಪ್ರೋಟೀನ್ ಇರುತ್ತದೆ. ನಮ್ಮ ಜೀವಕೋಶದ ‘ಫ್ಯೂರಿನ್’ ಎಂಬ ಕಿಣ್ವವು ಅದನ್ನು ಕತ್ತರಿಸಿದ ಮೇಲೆಯೇ ಆ ವೈರಾಣು ಪಕ್ವವಾಗಿ ಮತ್ತೊಂದು ಕೋಶವನ್ನು ಹೊಗಲು ಸಮರ್ಥವಾಗುತ್ತದೆ. ವೈರಾಣು ನಮ್ಮ ಉಪಕರಣಗಳಿಂದಲೇ ಬದುಕುವುದರಿಂದ, ನಮಗೆ ಹಾನಿಯಾಗದಂತೆ ಅದನ್ನಷ್ಟೇ ತಡೆಯುವ ಔಷಧಿಯನ್ನು ಕಂಡುಹಿಡಿಯುವುದು ಕಷ್ಟ. ಡೆಂಗ್ಯೂಗೆಂದೇ ಮೀಸಲಾದ ವೈರಾಣುನಾಶಕ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ.

ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಪಪ್ಪಾಯಿ ಎಲೆಯ ರಸವನ್ನೋ ಅಮೃತಬಳ್ಳಿಯ ಕಷಾಯವನ್ನೋ ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಅವು ಬೇಡ. ಜ್ವರಕ್ಕೆ ವೈದ್ಯರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಸಾಕು. ಗಂಜಿ, ಎಳನೀರು, ಓಆರ್‌ಎಸ್ ದ್ರಾವಣವನ್ನು ಆಗಾಗ ಕುಡಿಸಬೇಕು.

ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲಿಯೇ ರಕ್ತದ ದ್ರವವು ನಾಳಗಳಿಂದ ಸೋರುವ ಅಪಾಯವಿದೆ. ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಇಳಿಯಿತೆಂದು ಮೈಮರೆಯದಿರಿ; ರೋಗಿಯ ಬಳಿ ಹೆಚ್ಚು ಎಚ್ಚರದಿಂದ ಇರಬೇಕಾದುದು ಅಂದೇ.