ಇನ್ನೆಷ್ಟು ದೂರ ಓಡೀತು?

ಜಟಕಾ ಹೊಡೆಯುತ್ತಿದ್ದವನಿಗೆ ತನ್ನ ಕುದುರೆ ಇನ್ನೆಷ್ಟು ದೂರ ಓಡೀತೆಂಬುದು ಅದರ ಉಸಿರಿನಿಂದಲೇ ತಿಳಿಯುತ್ತಿತ್ತು. ದಣಿದ ಎತ್ತು ಬಾಯಲ್ಲಿ ನೊರೆ ಸುರಿಸಿ, ಹೆಜ್ಜೆಯನ್ನು ನಿಧಾನಗೊಳಿಸಿ, ಯಜಮಾನನಿಗೆ ತನ್ನ ಸ್ಥಿತಿಯನ್ನು ಅರಿಕೆ ಮಾಡಿಕೊಳ್ಳುತ್ತಿತ್ತು. ಪೆಟ್ರೋಲ್ ಕಾರಿಗೆ ಅಂಥ ನಾಲಿಗೆ ಇಲ್ಲದಿದ್ದರೂ ಒಂದು ಮುಳ್ಳು ಇದ್ದಿತು. ಆ ಮುಳ್ಳು ಕೆಳಗಿಳಿದರೂ ಮುಂದಿನ ಊರಿನ ಬಂಕಿನಲ್ಲಿ ಐದು ನಿಮಿಷ ನಿಂತರೆ ಚಿಂತೆ ತೀರುತ್ತಿತ್ತು. ಆದರೆ ವಿದ್ಯುತ್ ಕಾರಿನ ರೀತಿಯೇ ಬೇರೆ. ಬ್ಯಾಟರಿ ತುಂಬಿರುವಾಗ ಎಷ್ಟು ಸದ್ದಿಲ್ಲದೆ, ಎಷ್ಟು ಹುರುಪಿನಿಂದ ಓಡುವುದೋ, ಅದು ಬರಿದಾಗುತ್ತ ಬಂದಾಗಲೂ ಬಹುಮಟ್ಟಿಗೆ ಹಾಗೆಯೇ ಓಡುತ್ತಿರುತ್ತದೆ. ದಣಿವಿನ ಕುರುಹೇ ಇಲ್ಲ. ಚಾಲಕನ ಎದುರಿನ ಫಲಕದಲ್ಲಿ ಬೆಳಗುವ ಒಂದು ಅಂಕಿಯೇ ಅದರ ಮಾತು. “ಇನ್ನು 140 ಕಿಲೋಮೀಟರ್” ಎಂದು ಅದು ಹೇಳುತ್ತದೆ.

ಆ ಮಾತನ್ನು ನಂಬಬಹುದೆ? ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ, ಮಡಿಲಲ್ಲಿ ನಿದ್ದೆ ಹೋದ ಮಗು, ಹೊರಗೆ ಮಳೆ, ಮುಂದೆ ಘಾಟಿಯ ದಾರಿ. ಇಂಥ ವೇಳೆಯಲ್ಲಿ ಈ ಪ್ರಶ್ನೆ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಲವು ವರ್ಷಗಳ ಉಳಿತಾಯವನ್ನು ಸುರಿದು ಕಾರು ಕೊಂಡ ಸಂಸಾರಸ್ಥನಿಗೆ ಇದು ಹಣದ ಪ್ರಶ್ನೆಯೂ ಹೌದು, ವಿಶ್ವಾಸದ ಪ್ರಶ್ನೆಯೂ ಹೌದು.

ದೂರದ ಕುರಿತು ಒಂದು ದೂರು

2021ರ ಮಾರ್ಚ್ ತಿಂಗಳಿನಲ್ಲಿ ದೆಹಲಿಯಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಹಿಂದಿನ ವರ್ಷದ ಜನವರಿಯಲ್ಲಿ ಮಾರುಕಟ್ಟೆಗೆ ಬಂದಿದ್ದ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಒಂದು ಬಾರಿ ಚಾರ್ಜ್ ಮಾಡಿದರೆ 312 ಕಿಲೋಮೀಟರ್ ಓಡುವುದೆಂದು ಪ್ರಮಾಣಪತ್ರ ಪಡೆದಿತ್ತು. ಅದನ್ನು ಕೊಂಡವರೊಬ್ಬರು, ತಮ್ಮ ಕಾರು 200 ಕಿಲೋಮೀಟರನ್ನೂ ದಾಟುತ್ತಿಲ್ಲವೆಂದು ದೂರು ಸಲ್ಲಿಸಿದರು. ದೆಹಲಿ ಸರ್ಕಾರವು ಆ ಕಾರಿಗೆ ಕೊಡುತ್ತಿದ್ದ ಸಹಾಯಧನವನ್ನು ತಡೆಹಿಡಿಯಿತು. ದೂರವನ್ನು ಪ್ರಮಾಣೀಕರಿಸಿದ್ದು ಅಧಿಕೃತ ಸಂಸ್ಥೆ, ರಸ್ತೆಯ ಮೇಲೆ ದೊರೆಯುವ ದೂರ ಓಡಿಸುವ ರೀತಿ ಹಾಗೂ ಪರಿಸ್ಥಿತಿಯನ್ನು ಅವಲಂಬಿಸಿರುತ್ತದೆ ಎಂಬುದು ಕಂಪನಿಯ ವಾದ. ಅದು ಹೈಕೋರ್ಟಿನ ಮೊರೆಹೊಕ್ಕಿತು. ಕೆಲವೇ ದಿನಗಳಲ್ಲಿ ಸರ್ಕಾರದ ಆದೇಶಕ್ಕೆ ತಡೆಯಾಜ್ಞೆ ಬಂದಿತು.

ಇಲ್ಲಿ ಸುಳ್ಳು ಹೇಳಿದವರು ಯಾರು? ಯಾರೂ ಅಲ್ಲವೆಂಬುದೇ ಈ ವಿವಾದದ ವಿಚಿತ್ರ. ಕಾರು 312 ಕಿಲೋಮೀಟರ್ ಓಡಿದ್ದೂ ನಿಜ, 200ಕ್ಕೆ ನಿಂತದ್ದೂ ನಿಜವಾಗಿರಬಲ್ಲದು. ಒಂದು ಓಡಿದ್ದು ಪರೀಕ್ಷೆಯಲ್ಲಿ, ಇನ್ನೊಂದು ಓಡಿದ್ದು ರಸ್ತೆಯಲ್ಲಿ.

ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಗಳಲ್ಲಿ 1966ರಲ್ಲಿ ಸ್ಥಾಪಿತವಾದ ಪುಣೆಯ ಎ.ಆರ್.ಎ.ಐ. ಹೆಸರಾದುದು. ಪರೀಕ್ಷೆಯಲ್ಲಿ ಕಾರು ಊರೂರು ತಿರುಗುವುದಿಲ್ಲ. ಅದರ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲಿಯೇ ಓಡಿಸುತ್ತಾರೆ. ಯಾವ ಕ್ಷಣದಲ್ಲಿ ಎಷ್ಟು ವೇಗ, ಎಲ್ಲಿ ನಿಲುಗಡೆ ಎಂಬುದೆಲ್ಲ ಮೊದಲೇ ಗೊತ್ತುಪಡಿಸಿದ ಒಂದು ನಕ್ಷೆಯಂತೆ ನಡೆಯುತ್ತದೆ. ಊರೊಳಗಿನ ಭಾಗದಲ್ಲಿ ವೇಗ ಗಂಟೆಗೆ 50 ಕಿಲೋಮೀಟರ್ ಮೀರದು. ಹೊರದಾರಿಯ ಭಾಗದಲ್ಲಿಯೂ 90 ಮೀರದು. ಹವೆ ಹಿತವಾಗಿರುತ್ತದೆ. ಏ.ಸಿ. ಹಾಕುವುದಿಲ್ಲ. ಏರಿಲ್ಲ, ಇಳಿವಿಲ್ಲ, ಎದುರುಗಾಳಿಯಿಲ್ಲ, ಮದುವೆಗೆ ಹೊರಟ ನಾಲ್ಕು ಜನರೂ ಅವರ ಪೆಟ್ಟಿಗೆಗಳೂ ಇಲ್ಲ.

ಹಾಗಾದರೆ ಇಂಥ ಪರೀಕ್ಷೆ ಏಕೆ? ಎರಡು ಕಾರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ ನೋಡಲು. ಎಲ್ಲ ಕಾರುಗಳಿಗೂ ಒಂದೇ ನಕ್ಷೆ, ಒಂದೇ ಹವೆ ಇದ್ದರಲ್ಲವೆ ಯಾವುದು ಮೇಲು, ಯಾವುದು ಕೀಳು ಎಂದು ಹೇಳಲು ಸಾಧ್ಯ? ತೂಗಿ ನೋಡಲು ಮಾಡಿದ ಅಂಕಿಯನ್ನು ಪ್ರಯಾಣದ ಭರವಸೆಯೆಂದು ಓದಿದಾಗ ಮಾತ್ರ ಮೋಸಹೋದಂತಾಗುತ್ತದೆ. ಜಾಹೀರಾತುಗಳು ಅದನ್ನು ಹಾಗೆಯೇ ಓದಿಸುತ್ತವೆಂಬುದೂ ಸುಳ್ಳಲ್ಲ.

ಈ ತೊಡಕು ಭಾರತಕ್ಕೆ ಮಾತ್ರ ಸೇರಿದುದಲ್ಲ, ಹೊಸದೂ ಅಲ್ಲ. 1907ರಿಂದ 1939ರವರೆಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರು ಸಾಮಾನ್ಯವಾಗಿ 130 ಕಿಲೋಮೀಟರ್ ಓಡುವುದೆಂದು ಹೇಳಲಾಗುತ್ತಿತ್ತು. ಒಂದು ಪರೀಕ್ಷೆಯಲ್ಲಿ ಅದೇ ಕಾರು 340 ಕಿಲೋಮೀಟರ್ ಓಡಿತು! ಯೂರೋಪಿನವರು ತಮ್ಮ ಹಳೆಯ ಪರೀಕ್ಷೆ ತೀರ ಸೌಮ್ಯವಾಯಿತೆಂದು 2017ರಿಂದ ಗಂಟೆಗೆ 131 ಕಿಲೋಮೀಟರ್ ವೇಗವನ್ನು ಮುಟ್ಟುವ ಬಿಗಿಯಾದ ಪರೀಕ್ಷೆಯನ್ನು ಜಾರಿಗೆ ತಂದರು. ಅಮೆರಿಕದವರ ಕ್ರಮ ಇನ್ನೂ ಸರಳ: ಸಾಮಾನ್ಯವಾಗಿ ಉರುಳೆಯ ಮೇಲೆ ಬಂದ ದೂರದಲ್ಲಿ ಶೇಕಡಾ 30ನ್ನು ಕಳೆದು ಉಳಿದುದನ್ನು ಪ್ರಕಟಿಸುತ್ತಾರೆ. 2023ರ ಜನವರಿಯಲ್ಲಿ ದಕ್ಷಿಣ ಕೊರಿಯದ ವ್ಯಾಪಾರ ಆಯೋಗವು, ಚಳಿಯಲ್ಲಿ ದೂರ ಬಹಳ ಕುಗ್ಗುವುದೆಂಬ ಸಂಗತಿಯನ್ನು ಗ್ರಾಹಕರಿಗೆ ತಿಳಿಸದಿದ್ದುದಕ್ಕಾಗಿ ಟೆಸ್ಲಾ ಕಂಪನಿಗೆ ದಂಡವನ್ನೇ ವಿಧಿಸಿತು.

ಮೂರು ಲೀಟರಿನ ಸಂಸಾರ

ದೂರ ಇಷ್ಟೊಂದು ಏರಿಳಿಯಲು ಕಾರಣವೇನು? ವಿದ್ಯುತ್ ಬಿಲ್ಲಿನಲ್ಲಿ ಕಾಣುವ ‘ಯೂನಿಟ್’ ಎಲ್ಲ ಮನೆಗಳಿಗೂ ಪರಿಚಿತವಷ್ಟೆ. ಮೇಲೆ ಹೇಳಿದ ಕಾರಿನ ಬ್ಯಾಟರಿ ಹಿಡಿಯುತ್ತಿದ್ದುದು 30.2 ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್. ಎಂದರೆ ನೆಲದಡಿ ಹರಡಿಕೊಂಡಿರುವ ಆ ಭಾರವಾದ ಬ್ಯಾಟರಿಯ ಒಟ್ಟು ಆಸ್ತಿ ಮೂರು ಲೀಟರಿಗಿಂತ ತುಸು ಹೆಚ್ಚಿನ ಪೆಟ್ರೋಲಿಗೆ ಸಮ! ಅಷ್ಟರಲ್ಲೇ ಅದು 200 ಕಿಲೋಮೀಟರ್ ಓಡುವುದೆಂದರೆ ವಿದ್ಯುತ್ ಮೋಟಾರಿನ ಮಿತವ್ಯಯ ಮೆಚ್ಚತಕ್ಕದ್ದೇ. ಪೆಟ್ರೋಲ್ ಎಂಜಿನ್ ತನಗೆ ದೊರೆತ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಗಾಳಿಗೆ ತೂರುತ್ತದೆ. ವಿದ್ಯುತ್ ಮೋಟಾರು ಹೆಚ್ಚಿನದನ್ನೆಲ್ಲ ಚಕ್ರಕ್ಕೇ ಮುಟ್ಟಿಸುತ್ತದೆ.

ಆದರೆ ಕಡಮೆ ಸಂಬಳದಲ್ಲಿ ಅಚ್ಚುಕಟ್ಟಾಗಿ ನಡೆಯುವ ಸಂಸಾರದಲ್ಲಿ ಒಬ್ಬ ನೆಂಟ ಬಂದರೂ ಲೆಕ್ಕ ಏರುಪೇರಾಗುವಂತೆ, ಇಲ್ಲಿ ಪ್ರತಿಯೊಂದು ಸಣ್ಣ ಖರ್ಚೂ ಎದ್ದು ಕಾಣುತ್ತದೆ. ದುಂದುಗಾರನ ಮನೆಯಲ್ಲಿ ಅದೇ ಖರ್ಚು ಕಣ್ಣಿಗೇ ಬೀಳದು.

ಮೊದಲನೆಯ ಖರ್ಚು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವವನು 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಎರಡನೆಯದು ಏ.ಸಿ. ಬೇಸಿಗೆಯಲ್ಲಿ ಅದು ಗಂಟೆಗೆ ಸುಮಾರು 1 ಯೂನಿಟ್ ತಿನ್ನುತ್ತದೆಂದು ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಆ ಒಂದು ಗಂಟೆಯಲ್ಲಿ ಕಾರು 80 ಕಿಲೋಮೀಟರ್ ಸಾಗಿ, ಓಟಕ್ಕೇ 11–12 ಯೂನಿಟ್ ವ್ಯಯಿಸಿರುತ್ತದೆ; ಅದರ ಮುಂದೆ ಒಂದು ಯೂನಿಟ್ ದೊಡ್ಡದಲ್ಲ. ಆದರೆ ಬೆಂಗಳೂರಿನ ಸಂಜೆಯ ವಾಹನದಟ್ಟಣೆಯಲ್ಲಿ ಅದೇ ಗಂಟೆಯಲ್ಲಿ ಸಾಗುವುದು 15 ಕಿಲೋಮೀಟರ್, ಓಟದ ಖರ್ಚು ಸುಮಾರು 2 ಯೂನಿಟ್. ಅಲ್ಲಿ ಏ.ಸಿ. ಒಟ್ಟು ಖರ್ಚಿನ ಮೂರನೆಯ ಒಂದು ಪಾಲನ್ನು ಕಬಳಿಸುತ್ತದೆ. ಊರಿನಲ್ಲಿ ಏ.ಸಿ., ಹೆದ್ದಾರಿಯಲ್ಲಿ ವೇಗ. ಕಳ್ಳರಿಬ್ಬರು, ಕಾಯುವ ಜಾಗ ಬೇರೆ ಬೇರೆ.

ಮೂರನೆಯದು ಹವೆ. ಅಮೆರಿಕದ ವಾಹನ ಸಂಘವಾದ ಎ.ಎ.ಎ. 2019ರಲ್ಲಿ ಐದು ಕಾರುಗಳನ್ನು ಪರೀಕ್ಷಿಸಿತು. ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಒಳಗೆ ಬಿಸಿಗಾಳಿ ಹಾಕಿದಾಗ ದೂರ ಸರಾಸರಿ ಶೇಕಡಾ 41ರಷ್ಟು ಕುಗ್ಗಿತು. 35 ಡಿಗ್ರಿ ಸೆಕೆಯಲ್ಲಿ ಏ.ಸಿ. ಹಾಕಿದಾಗ ಶೇಕಡಾ 17ರಷ್ಟು. ಪೆಟ್ರೋಲ್ ಕಾರಿಗೆ ಎಂಜಿನಿನ ವ್ಯರ್ಥ ಬಿಸಿಯೇ ಚಳಿಗಾಲದ ಅಗ್ಗಿಷ್ಟಿಕೆ. ವಿದ್ಯುತ್ ಕಾರು ಆ ಬಿಸಿಯನ್ನೂ ಬ್ಯಾಟರಿಯಿಂದಲೇ ಕೊಳ್ಳಬೇಕು. ಕರ್ನಾಟಕದವರಿಗೆ ಚಳಿಯ ಭಯವಿಲ್ಲ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಗಳ ಬಿಸಿಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು.

ಹಿಂದೆ ನೋಡಿ ಭವಿಷ್ಯ ನುಡಿಯುವ ಯಂತ್ರ

ಇದು ಪ್ರಮಾಣಪತ್ರದ ಅಂಕಿಯ ಮಾತಾಯಿತು. ಫಲಕದ ಮೇಲೆ ಬೆಳಗುವ ಅಂಕಿ ಇನ್ನೊಂದು. ಅದರ ಹಿಂದಿನ ಗಣಿತ ಅಷ್ಟೇನೂ ಗಹನವಲ್ಲ. ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಉಳಿದಿದೆ, ಈಚೆಗೆ ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್ ಓಡಿತು, ಈ ಎರಡನ್ನೂ ಗುಣಿಸಿ ಹೇಳುತ್ತದೆ. ಅದು ಬಲ್ಲುದು ಕಳೆದ ದಾರಿಯನ್ನು. ಮುಂದಿನ ದಾರಿಯ ಅರಿವು ಅದಕ್ಕಿಲ್ಲ. ನಿನ್ನೆಯೆಲ್ಲ ಊರೊಳಗೆ ಮೆಲ್ಲನೆ ಓಡಿದ ಕಾರು ಇಂದು ಬೆಳಿಗ್ಗೆ ಉದಾರವಾದ ಅಂಕಿಯನ್ನು ತೋರುತ್ತದೆ. ಹೆದ್ದಾರಿಗೆ ಇಳಿದ ಅರ್ಧ ಗಂಟೆಯಲ್ಲಿ ಆ ಔದಾರ್ಯ ಕರಗುತ್ತದೆ.

ಘಾಟಿಯ ದಾರಿಯಲ್ಲಂತೂ ಇದರ ಪರೀಕ್ಷೆಯೇ ನಡೆಯುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ಹಾಸನಕ್ಕೆ ಹೊರಟ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಬ್ಯಾಟರಿ 30 ಯೂನಿಟ್, ಯೂನಿಟ್‌ಗೆ 7 ಕಿಲೋಮೀಟರ್. ಫಲಕ 210 ಎಂದು ತೋರುತ್ತದೆ. ಸಕಲೇಶಪುರಕ್ಕೆ ಸುಮಾರು 130 ಕಿಲೋಮೀಟರ್. ಅಲ್ಲಿಗೆ 80 ಉಳಿಯಬೇಕು, ಹಾಸನಕ್ಕೆ ಅಲ್ಲಿಂದ ಸುಮಾರು 40. ನೆಮ್ಮದಿಯ ಪ್ರಯಾಣವೆಂದೇ ತೋರುತ್ತದೆ. ಆದರೆ ಮಂಗಳೂರು ಕಡಲ ಮಟ್ಟದಲ್ಲಿದೆ, ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನರೂ ಸಾಮಾನೂ ಸೇರಿ ಹದಿನೇಳೆಂಟು ನೂರು ಕಿಲೋ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತಲು ಓಟದ ಖರ್ಚಲ್ಲದೆ ಇನ್ನೂ ಸುಮಾರು 5 ಯೂನಿಟ್ ಬೇಕು. ಅದು ಬ್ಯಾಟರಿಯ ಆರನೆಯ ಒಂದು ಭಾಗ. ಸಕಲೇಶಪುರ ಮುಟ್ಟಿದಾಗ ಉಳಿಯುವುದು 80 ಅಲ್ಲ, 45. ಹಾಸನ ಇನ್ನೂ 40 ಕಿಲೋಮೀಟರ್ ದೂರ! ಆ ನಲವತ್ತು ಕಿಲೋಮೀಟರುಗಳನ್ನು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಳೆಯಬೇಕಾಗುತ್ತದೆ.

ಇಳಿಯುವಾಗ ಇದರ ವಿಪರೀತ. ವಿದ್ಯುತ್ ಕಾರು ಇಳಿಜಾರಿನಲ್ಲಿ ಮೋಟಾರನ್ನೇ ಡೈನಮೋ ಮಾಡಿಕೊಂಡು ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬಿಸುತ್ತದೆ. ಘಾಟಿ ಇಳಿದಂತೆ ಅಂಕಿ ಇಳಿಯುವ ಬದಲು ಏರುವ ಅದ್ಭುತವೂ ಕಂಡೀತು. ಆದರೆ ಏರುವಾಗ ಕೊಟ್ಟುದೆಲ್ಲ ಇಳಿಯುವಾಗ ಪೂರ್ತಿ ಹಿಂದಿರುಗದು. ಮೇಲೆ ಸಕಲೇಶಪುರದಲ್ಲಿಯೇ ಬ್ಯಾಟರಿಯನ್ನು ತುಂಬಿಸಿಕೊಂಡು ಇಳಿಯತೊಡಗಿದರೆ ಮರಳಿ ಬರುವ ವಿದ್ಯುತ್ತಿಗೆ ಸ್ಥಳವೇ ಇರದು. ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಹೊಸ ಕಾರುಗಳಲ್ಲಿ ಕೆಲವು ಈ ಕೊರತೆಯನ್ನು ನೀಗಿಕೊಳ್ಳಲೆತ್ನಿಸಿವೆ. ಹೋಗುವ ಊರನ್ನು ನಕ್ಷೆಯಲ್ಲಿ ಮೊದಲೇ ಸೂಚಿಸಿದರೆ ದಾರಿಯ ಏರಿಳಿವನ್ನೂ ಲೆಕ್ಕಕ್ಕೆ ಹಿಡಿದು, ತಲಪುವಾಗ ಶೇಕಡಾ ಎಷ್ಟು ಉಳಿದೀತೆಂದು ಹೇಳುತ್ತವೆ. ಬರಿಯ ಅಂಕಿಗಿಂತ ಈ ಮಾತು ಹೆಚ್ಚು ವಿಶ್ವಾಸಾರ್ಹ.

ಶೇಕಡಾವಾರು ತೋರಿಸುವ ಮಾಪಕಕ್ಕೂ ಒಂದು ಆರೈಕೆ ಬೇಕು. ಈಗ ಬಹಳವಾಗಿ ಬಳಕೆಯಲ್ಲಿರುವ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜ್, ಅದು ಮುಕ್ಕಾಲು ತುಂಬಿರಲಿ, ಅರ್ಧ ತುಂಬಿರಲಿ, ಹೆಚ್ಚು ಬದಲಾಗದು. ಆದುದರಿಂದ ಒಳಗೆಷ್ಟಿದೆಯೆಂದು ಅಳೆಯುವುದು ಕಷ್ಟ. ಅಳತೆ ದಿನಕಳೆದಂತೆ ಜಾರುತ್ತದೆ. ಆಗಾಗ್ಗೆ ಒಮ್ಮೆ ಶೇಕಡಾ 100ರವರೆಗೆ ಚಾರ್ಜ್ ಮಾಡಿರೆಂದು ತಯಾರಕರು ಹೇಳುವುದು ಮಾಪಕ ತನ್ನ ಲೆಕ್ಕವನ್ನು ತಿದ್ದಿಕೊಳ್ಳಲೆಂದೇ.

ಬಲ್ಲವರ ಲೆಕ್ಕ

ವಿದ್ಯುತ್ ಕಾರಿನೊಡನೆ ಬಾಳುವುದನ್ನು ಭಾರತದಲ್ಲಿ ಮೊದಲು ಕಲಿತವರಲ್ಲಿ ಬೆಂಗಳೂರಿಗರೂ ಸೇರಿದ್ದಾರೆ. 2001ರಲ್ಲಿ ಈ ನಗರದಿಂದಲೇ ಹೊರಬಂದ ‘ರೇವಾ’ ಎಂಬ ಪುಟ್ಟ ಕಾರು ಸೀಸದ ಬ್ಯಾಟರಿಯ ಮೇಲೆ ಸುಮಾರು 80 ಕಿಲೋಮೀಟರ್ ಓಡುವುದೆಂದು ಹೇಳಲಾಗುತ್ತಿತ್ತು. ‘ಜಿ-ವಿಜ್’ ಎಂಬ ಹೆಸರಿನಿಂದ ಅದು ಲಂಡನ್ನಿನ ಬೀದಿಗಳಲ್ಲಿಯೂ ಸುಳಿದಾಡಿತು. ಅಷ್ಟು ಕಿರಿದಾದ ದೂರದಲ್ಲಿಯೂ ಊರೊಳಗಿನ ನಿತ್ಯದ ಓಡಾಟ ಸಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಾರಿಗೂ ಸಲ್ಲುತ್ತದೆ. ಕಚೇರಿ, ಶಾಲೆ, ಮಾರುಕಟ್ಟೆಗಳಿಗೆ ಹೋಗಿ ರಾತ್ರಿ ಮನೆಯಲ್ಲಿಯೇ ಚಾರ್ಜ್ ಮಾಡುವವರಿಗೆ ಈ ಅಂಕಿಗಳ ಜಗಳ ಬಾಧಿಸುವುದೇ ಇಲ್ಲ.

ಬಾಧೆ ದೂರದ ಪ್ರಯಾಣದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರ್. 312ನ್ನು ನಂಬಿದವನು ಹೋಗಿ ಬರಲು ಒಂದೇ ಚಾರ್ಜ್ ಸಾಕೆಂದು ಹೊರಡುತ್ತಾನೆ. 200 ಓಡುವ ಕಾರು ಹಿಂದಿರುಗುವ ದಾರಿಯಲ್ಲಿ ಮಂಡ್ಯ ದಾಟಿ ಸ್ವಲ್ಪ ದೂರದಲ್ಲಿಯೇ ನಿಲ್ಲುತ್ತದೆ. ಬಲ್ಲವನು ಮೈಸೂರಿನಲ್ಲಿ ಊಟಕ್ಕೆ ಕುಳಿತಾಗಲೇ ಕಾರಿಗೂ ಉಣಿಸುತ್ತಾನೆ.

ಅನುಭವಸ್ಥರ ಲೆಕ್ಕ ಹೀಗಿದೆ: ಪ್ರಮಾಣಪತ್ರದ ದೂರದಲ್ಲಿ ಮೂರನೆಯ ಒಂದು ಪಾಲನ್ನು ಕಳೆಯುವುದು, ಉಳಿದುದರಲ್ಲಿ ಶೇಕಡಾ 15–20ನ್ನು ಆಪತ್ಕಾಲಕ್ಕೆ ಕೈಯಲ್ಲಿ ಇರಿಸಿಕೊಳ್ಳುವುದು, ಚಾರ್ಜ್ ಮಾಡುವ ಒಂದು ಸ್ಥಳವನ್ನು ನಂಬದೆ ಅದರ ಆಚೆಗೊಂದು, ಈಚೆಗೊಂದು ನೋಡಿಟ್ಟುಕೊಳ್ಳುವುದು, ದೂರ ಸಾಲದೆಂದು ತೋರಿದೊಡನೆ ವೇಗವನ್ನು 80ಕ್ಕಿಳಿಸುವುದು. ಬ್ಯಾಟರಿಯೂ ವರ್ಷಗಳು ಕಳೆದಂತೆ ತುಸು ಕುಗ್ಗುವುದರಿಂದ ಹೊಸತರ ಲೆಕ್ಕ ಐದನೆಯ ವರ್ಷಕ್ಕೆ ಸಲ್ಲದು.

ತಯಾರಕರೂ ಈಗ ಬಾಯಿ ಬಿಡತೊಡಗಿದ್ದಾರೆ. 2024ರ ಆಗಸ್ಟಿನಲ್ಲಿ ಟಾಟಾ ಕಂಪನಿ ತನ್ನ ಕರ್ವ್ ಕಾರಿನ ದೊಡ್ಡ ಬ್ಯಾಟರಿಯ ಮಾದರಿಗೆ 585 ಕಿಲೋಮೀಟರ್ ಎಂಬ ಪ್ರಮಾಣಿತ ಅಂಕಿಯ ಜೊತೆಗೆ, ಗ್ರಾಹಕರಲ್ಲಿ ನೂರಕ್ಕೆ 75 ಮಂದಿಗೆ ರಸ್ತೆಯ ಮೇಲೆ ದೊರೆಯಬಹುದಾದ ದೂರ 400ರಿಂದ 425 ಎಂದೂ ತಾನಾಗಿಯೇ ಸಾರಿತು. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟದ್ದು ಒಳ್ಳೆಯ ಪದ್ಧತಿ. ಮೂರು ವರ್ಷ ಹಿಂದೆ ದೆಹಲಿಯಲ್ಲಿ ದೂರಿತ್ತ ಗ್ರಾಹಕರು ಕೇಳಿದ್ದೂ ಇಂಥ ಸತ್ಯವನ್ನೇ.

ಆದರೂ ಕೊನೆಯ ಲೆಕ್ಕ ಮನೆಯದೇ. ಒಂದು ತಿಂಗಳ ಕಾಲ ಓಡಿದ ಕಿಲೋಮೀಟರುಗಳನ್ನೂ ವ್ಯಯವಾದ ಯೂನಿಟ್‌ಗಳನ್ನೂ ಹಾಲಿನ ಲೆಕ್ಕದಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ತಮ್ಮ ಕಾರು, ತಮ್ಮ ದಾರಿ, ತಮ್ಮ ಕಾಲಿನ ಒತ್ತಡ, ಇವುಗಳಿಗೆ ಯೂನಿಟ್‌ಗೆ ಎಷ್ಟು ದೂರ ದಕ್ಕುವುದೆಂಬುದು ಯಾವ ಪ್ರಮಾಣಪತ್ರವೂ ಹೇಳದಷ್ಟು ನಿಖರವಾಗಿ ತಿಳಿಯುತ್ತದೆ. ಜಟಕಾದವನು ಕುದುರೆಯನ್ನು ಕೊಂಡ ದಿನವೇ ಅದರ ಉಸಿರನ್ನು ಅರಿತಿರಲಿಲ್ಲ. ನಾಲ್ಕು ತಿಂಗಳು ಅದರೊಡನೆ ದಾರಿ ಸವೆಸಿದ ಮೇಲೆ ಅರಿತನು.