ಅರಳದ ಹೂವು ಭತ್ತವನ್ನು ಬರದಿಂದ ಕಾಯುವುದೇ?

ಹಳಿಯಾಳ: ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಮಳೆಯಾಶ್ರಿತ ಗದ್ದೆಗಳಲ್ಲಿ ಭತ್ತ ಹೂಬಿಡುವ ವೇಳೆಗೆ ಮಳೆ ಕೈಕೊಟ್ಟರೆ ತೆನೆ ಜೊಳ್ಳಾಗುತ್ತದೆ.

ಭತ್ತದ ಹೂವು ಅರಳಿರುವುದು ಒಂದೆರಡು ಗಂಟೆ ಮಾತ್ರ. ಬುಡದ ಎರಡು ಪುಟ್ಟ ಅಂಗಗಳು ನೀರುಂಡು ಉಬ್ಬಿ ಹೊಟ್ಟನ್ನು ಸರಿಸುತ್ತವೆ. ಆಗ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಿದರೂ ಕಾಳು ಕಟ್ಟುವುದು ಕುಂಠಿತಗೊಳ್ಳುತ್ತದೆ.

ಈ ಅಂಗಗಳನ್ನು ರೂಪಿಸುವ ‘ಸೂಪರ್‌ವುಮನ್-1’ ವಂಶವಾಹಿ ಬದಲಾದುದರಿಂದ ಹೂವು ತೆರೆಯದೆಯೇ ಸ್ವಕೀಯ ಪರಾಗಸ್ಪರ್ಶ ಹೊಂದುವ ಭತ್ತವನ್ನು ಜಪಾನಿನ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಪರಾಗ ಹೊರಹೋಗದ ಕಾರಣ ಬೀಜ ಬೆರಕೆಯಾಗುವುದು ತಪ್ಪುತ್ತದೆ.

ಆದರೆ ಬರ ಸಹಿಷ್ಣುತೆ ಬೇರೆಯೇ ಗುಣ. ಬೇರಿನ ಆಳವೂ ಸೇರಿದಂತೆ ಹಲವು ವಂಶವಾಹಿಗಳು ಅದನ್ನು ನಿರ್ಧರಿಸುತ್ತವೆ. ಮುಚ್ಚಿದ ಹೂವಿಗೆ ಹೊಸ ಗುಣ ತಾನಾಗಿ ಬಾರದು. ತಳಿ ಅಭಿವೃದ್ಧಿಗೆ ಜೋಯಿಡಾದಂಥ ಕಡೆ ರೈತರು ಉಳಿಸಿಕೊಂಡ ನಾಟಿ ಬೀಜಗಳೇ ಬಂಡವಾಳ.